ಎರಡು ಸಲ ಹಾರ್ನ್

ಕ್ಷೌರ ಮಾಡಿಸಿಕೊಂಡು, ಕತ್ತಿನ ಮೇಲಿನ ಚೂರು ಕೂದಲನ್ನೂ ಕೊಡವದೆ ವಿನೀತ್ ಮನೆಗೆ ಬಂದರೆ ಗೇಟಿನಲ್ಲೇ ತಾಯಿ ಉಮಾವತಿ ನಿಂತಿದ್ದಾರೆ. ಕೈಯಲ್ಲಿ ಬೈಕಿನ ಕೀ.

"ಬೈಕ್ ಸ್ಟಾರ್ಟ್ ಮಾಡು ಮಗ. ಬೇಗ."

ಅಪ್ಪನನ್ನು ಆಸ್ಪತ್ರೆಗೆ ಒಯ್ಯಬೇಕೇನೋ ಎಂದುಕೊಂಡ ವಿನೀತ್. ಇಲ್ಲ, ಅದಲ್ಲ. ಅಪ್ಪ ಜಯಪಾಲ ಶೆಟ್ಟರು ಊಟಕ್ಕೆ ಕೂತಿದ್ದಾರೆ, ಬಾಯಿ ತೆರೆಯುತ್ತಿಲ್ಲ. ಇನ್ಸುಲಿನ್ ಚುಚ್ಚಿ ಆಗಿದೆ. ಚುಚ್ಚಿದ ಮೇಲೆ ಊಟ ತಪ್ಪಿದರೆ ಏನಾಗುತ್ತದೆಂದು ಆ ಮನೆ ಹೋದ ವರ್ಷವೇ ನೋಡಿದೆ: ಬೆವರಿ ಒದ್ದೆಮುದ್ದೆಯಾಗಿ, ಮಾತು ತೊದಲಿ, ಆಂಬುಲೆನ್ಸಿನಲ್ಲಿ ಹೋಗಿದ್ದರು. ಈಗ ಸಕ್ಕರೆ ನೀರು ಕೊಟ್ಟರೆ ಅದನ್ನೂ ಉಗುಳಿದ್ದಾರೆ.

ವಿನೀತ್ ಒಳಗೆ ಹೋಗಿ ಎದುರು ಕೂತು ತುತ್ತು ಕಲಸಿದ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. ನೆನಪು ಹರಿದುಹೋದ ತಲೆ ಅದು, ಯಾವ ಮುಖ ಯಾವ ಹೆಸರಿಗೆ ಅಂಟುತ್ತದೋ ಹೇಳಲಾಗದು.

"ನೀನು ಎಣ್ಣೆಯ ಮಹಾಬಲ ಅಲ್ವಾ? ಡಬ್ಬಿ ಅಡುಗೆಮನೇಲಿ ಇಡು. ವಿನೀತ ಬರ್ಲಿಕ್ಕುಂಟು, ಒಟ್ಟಿಗೆ ಊಟ."

ಮಹಾಬಲ ಅಂದರೆ ಶೆಟ್ಟರ ಹೋಟೆಲಿಗೆ ಎಣ್ಣೆ ಹಾಕುತ್ತಿದ್ದವ. ಹೋಟೆಲೂ ಇಲ್ಲ, ಮಹಾಬಲನೂ ಇಲ್ಲ. ವಿನೀತ್ ತುತ್ತನ್ನು ಬಟ್ಟಲಿಗೆ ಬಿಟ್ಟು ಎದ್ದ. ಆಸ್ಪತ್ರೆಯೋ ಮತ್ತೊಂದೋ, ಬೈಕಾದರೂ ಬೇಕಲ್ಲ.

ಸ್ಟಾರ್ಟರ್ ಒತ್ತಿದರೆ ಟಿಕ್. ಮತ್ತೆ ಒತ್ತಿದರೂ ಟಿಕ್. ಕಿಕ್ಕರ್ ಇಲ್ಲದ ಬೈಕು ಅದು. ನಂತೂರಿನಲ್ಲಿ ರಸ್ತೆ ಅಗೆದು ಹಾಕಿದಂದಿನಿಂದ ಅವನು ಕೆಲಸಕ್ಕೆ ಬಸ್ಸು ಹಿಡಿದಿದ್ದಾನೆ; ಬೈಕು ಜಗಲಿಯ ಪಕ್ಕ ನಿಂತಲ್ಲೇ. ಮೊದಲೆಲ್ಲ ಮಧ್ಯಾಹ್ನ ಊಟಕ್ಕೆ ಬೈಕಿನಲ್ಲಿ ಮನೆಗೆ ಬರುತ್ತಿದ್ದ, ಈಗ ಅದೂ ನಿಂತಿದೆ. ಬ್ಯಾಟರಿ ಮಳೆಗಾಲ ಕಳೆದ ಮೇಲೆ ಹಾಕಿಸಿದ್ದು. ಅದರ ಹಿಂದಿನದೂ ಹೀಗೆಯೇ ಕೈಕೊಟ್ಟಿತ್ತು. ಹಾಕಿದವ ಮೆಕ್ಯಾನಿಕ್ ನಿತ್ಯಾನಂದ. ಅವನಿಗೆ ಫೋನು ಮಾಡಿ, ಕಳಪೆ ಮಾಲು ಕೊಟ್ಟೆಯೆಂದು ನೇರವಾಗಿ ಬೈದ.

ನಿತ್ಯಾನಂದ ಮಣ್ಣಗುಡ್ಡದಲ್ಲಿ ಯಾರದೋ ಮದುವೆಯ ಊಟದ ಸಾಲಿನಲ್ಲಿದ್ದ. ಬೈಗುಳವನ್ನು ಪಾಯಸದ ಹಾಗೆ ಕುಡಿದುಕೊಂಡು, ಬದಿಯ ಮುಚ್ಚಳ ತೆಗೆದು ಬ್ಯಾಟರಿಯ ಟರ್ಮಿನಲ್ ಅಲ್ಲಾಡಿಸಿ ನೋಡಲು ಹೇಳಿದ. ಬಿಗಿಯಾಗಿತ್ತು, ಬಿಳಿ ಪುಡಿಯೂ ಕಟ್ಟಿರಲಿಲ್ಲ. ಇಂಡಿಕೇಟರ್ ಹಾಕಲು ಹೇಳಿದ. ಒಮ್ಮೆ ಮಿಂಚಿ ಮಂಕಾಯಿತು.

"ಹಾರ್ನ್ ಹೊಡಿ, ನಾನೂ ಕೇಳ್ತೇನೆ."

ಶೀತ ಹಿಡಿದ ಆಡು ಕೆಮ್ಮಿದಂಥ ಒಂದು ಸ್ವರ ಬಂತು.

"ಬ್ಯಾಟರಿ ಹಾಳಾಗ್ಲಿಲ್ಲ ಮಾರಾಯ, ಕೊಡ್ಲಿಕ್ಕೆ ಅದರಲ್ಲಿ ಎಂತದೂ ಉಳೀಲಿಲ್ಲ. ಕೀ ಆಫ್ ಇದ್ರೆ ಇಷ್ಟು ಇಳಿಯುದಿಲ್ಲ. ನಿಮ್ಮ ಮನೇಲೇ ಯಾರೋ ಕೀ ಆನ್ ಮಾಡ್ತಾರೆ. ನನಗೆ ಬೈಬೇಡ, ಅನ್ನ ತಣೀತದೆ."

ವಿನೀತ್ ಫೋನು ಕೆಳಗಿಳಿಸಿ ಬೈಕನ್ನೇ ನೋಡಿದ. ಹೈವೇಯ ಕೆಂಪು ಧೂಳು ಸೀಟಿನಿಂದ ಕನ್ನಡಿಯವರೆಗೆ ಬೆರಳಲ್ಲಿ ಬರೆಯುವಷ್ಟು ಕೂತಿತ್ತು. ಎಡ ಹಿಡಿಕೆಯ ಕೆಳಗಿನ ಹಾರ್ನ್ ಬಟನ್ ಮಾತ್ರ ಉಜ್ಜಿ ತೊಳೆದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಈಗ ಅವನು ಒತ್ತಿದ್ದು ಒಂದೇ ಸಲ; ಅಷ್ಟಕ್ಕೆ ಆ ಹೊಳಪು ಬರುವುದಿಲ್ಲ.

ತಿರುಗಿದ. ಉಮಾವತಿ ಸೆರಗಿನ ತುದಿ ಹಿಂಡುತ್ತಿದ್ದರು.

"ನೀನು ಮಧ್ಯಾಹ್ನ ಬರುವಾಗ ಗೇಟಲ್ಲಿ ಎರಡು ಸಲ ಹೊಡೀತಿದ್ದಿಯಲ್ಲ," ಎಂದರು. "ಅದು ಕೇಳಿದ್ರೆ ಮಾತ್ರ ಇವರು ಬಾಯಿ ತೆರೀತಾರೆ. ದಿನಾ ಇಂಜೆಕ್ಷನ್ ಕೊಟ್ಟು, ನೀನು ಇಲ್ಲದಾಗ ನಾನೇ ಬಂದು ಕೀ ಹಾಕಿ ಒತ್ತುದು. ಕೆಲವು ಸಲ ನಂಬುದಿಲ್ಲ, ಮತ್ತೆ ಮತ್ತೆ ಒತ್ತಬೇಕು. ಇವತ್ತು ಚುಚ್ಚಿ ಬಂದು ಒತ್ತಿದೆ, ಅದು ಕೂಗ್ಲೇ ಇಲ್ಲ."

ಅಪ್ಪ ಚೆನ್ನಾಗಿ ಉಣ್ಣುತ್ತಾರೆಂದು ಅಮ್ಮ ಫೋನಿನಲ್ಲಿ ಹೇಳುತ್ತಿದ್ದದ್ದು ಸುಳ್ಳಲ್ಲ. ಹೇಗೆ ಉಣ್ಣುತ್ತಾರೆಂದು ಇವನು ಕೇಳಿರಲಿಲ್ಲ.

ಒಳಗಿನಿಂದ ಏನೋ ತೊದಲಿದ ಹಾಗೆ ಕೇಳಿತು. ಉಮಾವತಿ ಓಡಿ ಇಣುಕಿ, ಹಣೆಯಲ್ಲಿ ಬೆವರು ಎಂದರು. ವಿನೀತ್ ಮತ್ತೆ ಫೋನನ್ನು ಕಿವಿಗಿಟ್ಟ. ನಿತ್ಯಾನಂದ ಈ ಸಲ ತಮಾಷೆ ಮಾಡಲಿಲ್ಲ.

"ಇಳಿಜಾರಿಗೆ ದೂಡು. ಸೆಕೆಂಡ್ ಗೇರ್. ಓಟ ಸಿಕ್ಕಿದ ಮೇಲೆ ಕ್ಲಚ್ ಒಮ್ಮೆಲೇ ಬಿಡು. ಸ್ಟಾರ್ಟ್ ಆದ್ರೆ ಆಫ್ ಮಾಡ್ಬೇಡ."

ಮನೆಯ ಓಣಿ ಕೊಟ್ಟಾರದ ದೊಡ್ಡ ರಸ್ತೆಯತ್ತ ಇಳಿಯುತ್ತದೆ. ವಿನೀತ್ ದೂಡಿದ, ಹಾರಿ ಕೂತ, ಕ್ಲಚ್ ಬಿಟ್ಟ. ಬೈಕು ಮುಗ್ಗರಿಸಿ ನಿಂತಿತು. ಓಣಿ ಅರ್ಧ ಮುಗಿದಿತ್ತು. ಇನ್ನುಳಿದಷ್ಟರಲ್ಲಿ ಹಿಡಿಯದಿದ್ದರೆ ಮೇಲಕ್ಕೆ ದೂಡಿಕೊಂಡು ಬರುವಷ್ಟು ಹೊತ್ತು ಅಪ್ಪನ ಬಳಿ ಇಲ್ಲ. ಮತ್ತೆ ದೂಡಿದ, ಚಪ್ಪಲಿ ಹಿಂದೆ ಉಳಿಯಿತು. ಓಣಿಯ ಕೊನೆಯಲ್ಲಿ ಲಾರಿಯ ಸದ್ದು ಮುಖಕ್ಕೇ ಬರುತ್ತಿರುವಾಗ ಎಂಜಿನ್ ಗೊರಗೊರ ಕೆಮ್ಮಿ ಹಿಡಿದುಕೊಂಡಿತು.

ಗೇಟಿಗೆ ಬಂದು, ಎಂಜಿನ್ ರೊಯ್ಯನೆ ಏರಿಸಿ ಎರಡು ಸಲ ಹಾರ್ನ್ ಒತ್ತಿದ.

"ಬಂದ," ಎಂದರು ಒಳಗಿನಿಂದ ಅಪ್ಪ. "ಬಡಿಸು."

ಮೆಟ್ಟಿಲು ಹತ್ತಲು ಹೊರಟವನನ್ನು ಉಮಾವತಿ ಕಿಟಕಿಯಿಂದ ಕೈ ಅಲ್ಲಾಡಿಸಿ ತಡೆದರು. ಅವನ ಮುಖ ಕಂಡರೆ ಮತ್ತೆ ಮಹಾಬಲನಾದಾನು. ವಿನೀತ್ ಬೈಕನ್ನು ಆಫ್ ಮಾಡದೆ ಸ್ಟ್ಯಾಂಡ್ ಹಾಕಿ, ಬರಿಗಾಲಲ್ಲಿ ಕಿಟಕಿಯ ಬದಿಗೆ ನಿಂತ. ಒಂದು ತುತ್ತು ಹೋಯಿತು. ಇನ್ನೊಂದು ಹೋಯಿತು. ಮೂರನೆಯದಕ್ಕೆ ಬಾಯಿ ನಿಂತಿತು.

"ವಿನೀತ ಎಲ್ಲಿ?"

"ಕೈ ತೊಳೀತಿದ್ದಾನೆ," ಎಂದರು ಉಮಾವತಿ. ದಿನವೂ ಹೇಳಿ ನಯವಾದ ಮಾತು.

ಅಪ್ಪ ಕಿವಿಗೊಟ್ಟು ಕೂತರು. ವಿನೀತ್ ನಾಲ್ಕು ಹೆಜ್ಜೆ ಹಾಕಿ ಅಂಗಳದ ನಳ್ಳಿಯನ್ನು ಪೂರ್ತಿ ತಿರುಗಿಸಿದ. ಬಕೆಟಿನಲ್ಲಿ ನೀರು ಸದ್ದು ಮಾಡಿತು. ಕೈಯ ಗ್ರೀಸನ್ನು ತೊಳೆದ. ಗ್ರೀಸು ಹೋದ ಮೇಲೂ ತೊಳೆಯುತ್ತಲೇ ಇದ್ದ. ಒಳಗೆ ಬಟ್ಟಲು ಕೆರೆದ ಸದ್ದು ಕೇಳುವವರೆಗೆ ನಳ್ಳಿ ನಿಲ್ಲಿಸಲಿಲ್ಲ.