ಗುವಾ ದಾರಿಯಲ್ಲಿ ಇಳಿತದ ಹೊತ್ತು

ಆಗಸ್ಟ್ ಮಾಸದ ಆ ಅಪರಾಹ್ಣ, ವಾಂದೆ ಸೀಮೆಯ ಜೌಗುಬಯಲು ಸುವರ್ಣಾತಪದಲ್ಲಿ ಮಿಂದು ಮೈಮರೆತಿತ್ತು. ಕಾಲುವೆಗಳ ನಿಶ್ಚಲ ಜಲದಲ್ಲಿ ಮುಗಿಲು ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತಿತ್ತು. ಕೊಕ್ಕರೆಯೊಂದು ಮೌನವ್ರತ ಹಿಡಿದಂತೆ ಒಂಟಿಕಾಲಲ್ಲಿ ನಿಂತಿತ್ತು. ದೂರದ ಗಾಳಿಗಿರಣಿಯ ರೆಕ್ಕೆಗಳು ಪ್ರಾರ್ಥನೆಗೆ ಎತ್ತಿ ಇಳಿಸಲು ಮರೆತ ಕೈಗಳಂತಿದ್ದವು... ಸಹೃದಯರೇ, ಆ ವಿಶಾಲ ಏಕಾಂತದ ನಡುವೆ ಪುಟ್ಟ ಬೂದು ಕಾರೊಂದು, ಹೋಗಲೊಲ್ಲದ ಮನಸ್ಸಿನಂತೆ, ಮೆಲ್ಲಮೆಲ್ಲನೆ ಸಾಗಿತ್ತು.

ಅದರಲ್ಲಿದ್ದವಳು ಎನೋರಾ, ಬ್ರಿಟನಿ ಸೀಮೆಯ ಬಂದರೊಂದರಲ್ಲಿ ಬಲೆ ಹೆಣೆಯುವವಳು. ಗಂಡನನ್ನು ಕಡಲು ಒಯ್ದು ಹತ್ತೊಂಬತ್ತು ವರ್ಷ. ನುವಾರ್ಮೂತಿಯೇ ದ್ವೀಪದಲ್ಲಿ ಉಪ್ಪು ಬೆಳೆಯುವ ಥಿಯೋಫಿಲ್ ಎರಡು ಬಾರಿ ಮದುವೆಯ ಮಾತೆತ್ತಿದ್ದ. ಎರಡು ಬಾರಿಯೂ ಅವಳು ಮಾತು ತೇಲಿಸಿದ್ದಳು. ಮೂರನೆಯ ಸಲ ಅವನು ಕಾಗದ ಬರೆದ: ಮಾತೆ ಮರಿಯಳ ಹಬ್ಬದಂದು ನೀರಿಳಿದಾಗ ಗುವಾ ದಾರಿಯಲ್ಲಿ ಬನ್ನಿ, ದ್ವೀಪದ ತುದಿಯಲ್ಲಿ ನಿಂತಿರುತ್ತೇನೆ, ಬಾರದಿದ್ದರೆ ಒಲ್ಲೆನೆಂದೇ ತಿಳಿಯುವೆ, ಮತ್ತೆ ಕೇಳಲಾರೆ. ತೀರದಿಂದ ದ್ವೀಪಕ್ಕೆ ಹೋಗುವ, ದಿನಕ್ಕೆರಡು ಬಾರಿ ಸಮುದ್ರ ಮುಚ್ಚಿ ತೆರೆಯುವ ಕಲ್ಲುಹಾದಿ ಅದು. ಕಾಗದದ ಜೊತೆ ಭರತ-ಇಳಿತದ ಪಟ್ಟಿಯನ್ನೂ ಇಟ್ಟಿದ್ದ.

ಅರ್ಧ ದಿನದ ಪಯಣವನ್ನು ಅವಳು ಮೂರು ದಿನಕ್ಕೆ ಎಳೆದಳು. ಹಾದಿಬದಿಯ ಪ್ರತಿ ಶಿಲುಬೆಯ ಬಳಿ ಇಳಿದಳು, ಪ್ರತಿ ಪ್ರಾರ್ಥನಾಲಯದಲ್ಲಿ ಮೇಣದಬತ್ತಿ ಹಚ್ಚಿದಳು, ಊಟದಂಗಡಿಗಳಲ್ಲಿ "ಒಬ್ಬರೇನಾ?" ಎಂದು ಕೇಳಿದವರಿಗೆಲ್ಲ ತಲೆಯಾಡಿಸಿ ಕಪ್ಪುಗೋಧಿಯ ದೋಸೆ ತಿಂದಳು. ಒಂಟಿತನವೂ ಹಳೆಯ ಕೋಟಿನಂತೆ... ಮೈಗೆ ಒಗ್ಗಿದ ಮೇಲೆ ಕಳಚಲು ಹೋದರೆ ಚಳಿಯೇ ಭಯ ಹುಟ್ಟಿಸುತ್ತದೆ!

ಅದರ ಮೇಲೊಂದು ತಪ್ಪು. ಸರ್ಕಾರ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳತೊಡಗಿದ್ದರೂ ಅವಳೂರಿನ ಬೆಸ್ತರ ಭರತ-ಇಳಿತದ ಪಂಚಾಂಗ ಹಳೆಯ ಹೊತ್ತನ್ನೇ ಹಿಡಿದಿತ್ತು. ಅದಕ್ಕೊಂದು ಗಂಟೆ ಕೂಡಿಸಿಕೊಳ್ಳುವುದು ರೂಢಿ. ಥಿಯೋಫಿಲ್ಲನ ಪಟ್ಟಿಗೂ ಹಾಗೆಯೇ ಕೂಡಿಸಿದಳು. ಐದು ಗಂಟೆಗೆ ತೀರ ಮುಟ್ಟಿದಾಗ ಹಾದಿಯೇ ಇರಲಿಲ್ಲ! ರಜತಜಲ ಅದರ ಮೇಲೆ ಸದ್ದಿಲ್ಲದೆ ಹಬ್ಬಿತ್ತು.

ಚಿಪ್ಪಿನ ಬುಟ್ಟಿ ತೊಳೆಯುತ್ತಿದ್ದ ಮುದುಕಿ ತಲೆಯೆತ್ತಿ ಕಾರಿನ ನಂಬರು ನೋಡಿದಳು.

"ಏನ್ ತಾಯಿ, ನಿಮ್ಮ ಬ್ರಿಟನಿ ಕಾರಿಗೆ ಈಜು ಬರುತ್ತಾ?"

ಎನೋರಾ ಪಟ್ಟಿ ತೋರಿಸಿದಳು. ದ್ವೀಪದವರು ಆ ಗಂಟೆಯನ್ನು ಮೊದಲೇ ಸೇರಿಸಿ ಅಚ್ಚು ಹಾಕಿಸುತ್ತಾರೆಂದು ಮುದುಕಿ ನಕ್ಕಳು. ಎನೋರಾಳ ಮುಖ ನೋಡಿ ನಗೆ ನಿಲ್ಲಿಸಿದಳು.

"ಉಪ್ಪಿನವನೊಬ್ಬ ಕೊನೇ ಗಳಿಗೇಲಿ ವ್ಯಾನಲ್ಲಿ ನೀರು ಸೀಳ್ಕೊಂಡು ಈ ಕಡೆ ಬಂದ. ಬೂದು ಕಾರು ಕಂಡ್ರಾ ಅಂತ ಎಲ್ಲರನ್ನೂ ಕೇಳ್ದ. ಈಗಷ್ಟೇ ಹೆದ್ದಾರಿ ಹಿಡ್ದು ಹೋದ."

ಎನೋರಾ ಬಂದದ್ದು ಹೊಲಗಳ ನಡುವಿನ ಓಣಿಗಳಲ್ಲಿ. ಬೆನ್ನಟ್ಟಿದರೆ ಮತ್ತೆ ತಪ್ಪಬಹುದು. ಆದರೆ ಅವನ ಮನೆ ಆಚೆ ದಡದಲ್ಲಿದೆ, ತಿರುಗಿ ಬರಲೇಬೇಕು. ಅವಳು ದ್ವೀಪಕ್ಕಿದ್ದ ಇನ್ನೊಂದೇ ದಾರಿಯಾದ ದೂರದ ಸೇತುವೆ ಹಿಡಿದಳು. ಮೂರು ದಿನದಲ್ಲಿ ಮೊದಲ ಬಾರಿಗೆ ಎಲ್ಲಿಯೂ ನಿಲ್ಲಲಿಲ್ಲ.

ದ್ವೀಪದ ತುದಿ ನಿರ್ಜನ. ಮರಳಿನಲ್ಲಿ ಒಬ್ಬನೇ ಹತ್ತಾರು ಬಾರಿ ಹೋಗಿ ಬಂದ ಬೂಟಿನ ಗುರುತು... ಅವುಗಳ ಪಕ್ಕದಲ್ಲೇ ಅವಳೂ ಅತ್ತಿಂದಿತ್ತ ನಡೆದಳು. ತನ್ನದೊಂದೇ ಒಂಟಿತನವೆಂದು ಇಷ್ಟು ವರ್ಷ ನಂಬಿದ್ದಳಲ್ಲ! ಗಾಳಿ ಬೀಸಿತು. ಯಾರೂ ಬರಲಿಲ್ಲ. ಭರತ ಏರುತ್ತಲೇ ಇತ್ತು.

ಸೂರ್ಯ ಕೆಂಪಾಗುವ ಹೊತ್ತಿಗೆ ಸೇತುವೆಯ ಕಡೆಯಿಂದ ವ್ಯಾನೊಂದು ಬಂದು ನಿಂತಿತು. ಥಿಯೋಫಿಲ್ ಇಳಿದು, ನಂಬದವನಂತೆ ಅವಳನ್ನು ನೋಡಿದ.

"ಬರೋದಿಲ್ಲ ಅಂದ್ಕೊಂಡೆ."

"ಹಾಗಂದ್ಕೊಂಡೋರು ಹುಡುಕೋಕೆ ಯಾಕೆ ಹೋದ್ರಿ?"

ಅವಳು ಕೈ ನೀಡಿದಳು. ಉಪ್ಪಿನಿಂದ ಬಿರಿದ ತನ್ನ ಕೈಯಲ್ಲಿ ಅವನು ಅದನ್ನು ಹಿಡಿದುಕೊಂಡ.

ಕಾಯಿಸಿದವರು ಒಮ್ಮೆ ಕಾದವರ ಜಾಗದಲ್ಲಿ ನಿಲ್ಲಬೇಕು. ಅಲ್ಲಿ ನಿಂತ ಎದೆಗೆ ಮಾತ್ರ ಪರರ ಮೌನ ಕೇಳಿಸುತ್ತದೆ... ದೇವರು ಪ್ರೀತಿಯನ್ನು ಕಲಿಸುವುದು ಪ್ರಾಯಶಃ ಹೀಗೆಯೇ, ತುಸು ತಡಮಾಡಿ.