ಬಂಡಲ್ ಹಿಡಿಯುವ ಕೈ

“ಬಾಲು ಹಿಡಿಯೇ ಅಂದ್ರೆ ಬಾಣಂತಿ ಕೂಸು ಎತ್ಕೊಂಡ ಹಾಗೆ ತಬ್ಕೋತೀಯಲ್ಲೇ, ದರಿದ್ರದವಳೇ! ಕೈ ಮುಂದಕ್ಕೆ ಚಾಚು. ನಿಮ್ಮ ಕೇರೀಲಿ ಸತ್ತ ದನ ಎಳೆಯೋಕೆ ಬರತ್ತೆ, ಇದು ಬರಲ್ವಾ?”

ಗುರುದತ್ತ ಬೈಯುತ್ತಿದ್ದುದು ಅನಸೂಯಾಳನ್ನು. ಅವನು ನಮ್ಮ ಬಟ್ಟೆ ಹೊಲಿಯುವ ಕಂಪನಿಯ ಎಚ್.ಆರ್. ಆಫೀಸರು, ಶಿವಮೊಗ್ಗದ ಕಡೆಯವನು. ದೇವದುರ್ಗದಿಂದ ನಾವು ಹುಡುಗಿಯರು ಇಲ್ಲಿ ತೆಲುಗು ಸೀಮೆಯ ದುವ್ವಾಡಕ್ಕೆ ಬಂದಿಳಿದ ದಿನ, ಆಫೀಸಿನಲ್ಲಿ ನಮ್ಮ ಭಾಷೆ ಮಾತಾಡುವವನೊಬ್ಬ ಇದ್ದಾನೆಂದು ತಿಳಿದು ಹಿಗ್ಗಿದ್ದೆವು. ತೆಲುಗಿನವರಿಗೆಲ್ಲ ಮರ್ಯಾದೆಯ ‘ಅಂಡಿ’ ಹಚ್ಚಿ ಮಾತಾಡುವ ಮನುಷ್ಯ ಬೈಗುಳಗಳನ್ನು ಮಾತ್ರ ಕನ್ನಡದಲ್ಲಿ ಇಟ್ಟುಕೊಂಡಿದ್ದ, ನಮಗಾಗಿ.

ಶೆಡ್ಡಿನ ಹಿಂದೆ, ಕಂಟೇನರ್ ಲಾರಿಗಳು ನಿಲ್ಲುವ ಬಯಲಿನಲ್ಲಿ ಎರಡು ಕಬ್ಬಿಣದ ಪೈಪು ನೆಟ್ಟು ಗೋಲು ಮಾಡಿದ್ದರು. ಅದರ ನಡುವೆ ಅನಸೂಯಾ ಮತ್ತೆ ಎರಡೂ ಮುಂಗೈಗಳನ್ನು ಒಳಕ್ಕೆ ಮಡಚಿಕೊಂಡು ನಿಂತಳು. ಅವಳಿಗೆ ಬರುತ್ತಿದ್ದುದೇ ಅದು. ಕತ್ತರಿಸಿದ ಬಟ್ಟೆಯ ತುಂಡುಗಳನ್ನು ಹೊರೆ ಕಟ್ಟಿ ಕಟಿಂಗ್ ಟೇಬಲ್ಲಿನಿಂದ ಎಸೆಯುತ್ತಾರೆ. ಅದಕ್ಕೆ ಬಂಡಲ್ ಅನ್ನುತ್ತೇವೆ. ಅದನ್ನು ಹಿಡಿದು ಹೊಲಿಯುವವರಿಗೆ ಹಂಚುವುದು ಅವಳ ಕೆಲಸ. ಬೆರಳು ಚಾಚಿ ಹಿಡಿದರೆ ದಾರ ಸಡಿಲಾಗಿ ತುಂಡುಗಳು ಚೆಲ್ಲುತ್ತವೆ, ಒಬ್ಬಳ ತೋಳು ಇನ್ನೊಬ್ಬಳ ಬೆನ್ನಿಗೆ ಸೇರುತ್ತದೆ, ಹೊಲಿಯುವವರ ಇಡೀ ಲೈನಿಗೆ ಬೈಗುಳ. ಆದ್ದರಿಂದ ಬಂಡಲ್ಲನ್ನು ಎದೆಗೆ ಒತ್ತಿ, ಮುಂಗೈ ಒಳಗೆ ಮಡಚಿ ಹಿಡಿಯಬೇಕು. ವರ್ಷಗಟ್ಟಲೆ ಹಾಗೆ ಹಿಡಿದವಳು. ಎಸೆದದ್ದು ಕೆಳಗೆ ಬೀಳಬಿಡುವುದಿಲ್ಲ ಎಂದೇ ಅವಳನ್ನು ಗೋಲಿಗೆ ನಿಲ್ಲಿಸಿದ್ದರು.

ನಾವು ಹೊಲಿಯುತ್ತಿದ್ದುದು ಸ್ವೀಡನ್ ಎಂಬ ದೇಶದ ಸ್ಟೆನ್‌ವಿಕ್ ಎಂಬ ಊರಿನ ಹೆಂಗಸರ ಫುಟ್‌ಬಾಲ್ ಕ್ಲಬ್ಬಿನ ಅಂಗಿ. ಆ ಕ್ಲಬ್ಬಿನವರು ತಮ್ಮ ಅಂಗಿ ಯಾರು ಹೊಲಿಯುತ್ತಾರೆಂದು ನೋಡಲು ಬರುತ್ತಾರಂತೆ. ಅವರ ಖುಷಿಗೆ ಕಂಪನಿ ನಮ್ಮಲ್ಲಿ ಹನ್ನೊಂದು ಜನರನ್ನು ಆರಿಸಿ ಒಂದು ಟೀಮು ಕಟ್ಟಿತು. ವಿಜಯವಾಡದಲ್ಲಿರುವ ಕಂಪನಿಯ ಶೆಡ್ಡಿನಲ್ಲಿ ಇನ್ನೊಂದು ಟೀಮು. ಕ್ಲಬ್ಬಿನವರ ಮುಂದೆ ನಾವು ನಾವೇ ಆಡಬೇಕು.

ಕ್ಲಬ್ಬಿನ ಚರಿತ್ರೆಯನ್ನೂ ಬಾಯಿಪಾಠ ಮಾಡಿಸಿದರು. ಊಟದ ಹೊತ್ತಿನಲ್ಲಿ ಗುರುದತ್ತ ಹೇಳುತ್ತಿದ್ದ, ನಾವು ಅನ್ನ ಅಗಿಯುತ್ತ ಒಪ್ಪಿಸುತ್ತಿದ್ದೆವು. ಐವತ್ತು ವರ್ಷದ ಹಿಂದೆ ಮೀನು ಡಬ್ಬಿಗೆ ತುಂಬುವ ಹೆಂಗಸರು ಕಟ್ಟಿದ ಕ್ಲಬ್ಬು. ಗಂಡಸರು ಮೈದಾನ ಕೊಡಲಿಲ್ಲ, ಬಂದರಿನ ಜಲ್ಲಿಕಲ್ಲಿನ ಮೇಲೆ ಆಡಿದರು. ದೇಶಕ್ಕೇ ಮೊದಲಾದರು. ಆಮೇಲೆ ದಿವಾಳಿಯಾಗಿ ದೀಪದ ಕರೆಂಟೂ ಹೋಗಿ ಕೆಳಗಿನ ಡಿವಿಜನ್ನಿಗೆ ಬಿದ್ದರು. ಈಗ ಮತ್ತೆ ಎದ್ದಿದ್ದಾರೆ.

ಬಿದ್ದದ್ದು ಎದ್ದದ್ದು ನಮಗೆ ಅವನು ಹೇಳಬೇಕಾಗಿರಲಿಲ್ಲ. ಅವರು ಬಿದ್ದ ವರ್ಷ ಅಂಗಿ ಕೊಳ್ಳುವವರಿಲ್ಲದೆ ನಮ್ಮ ಲೈನು ಮುಚ್ಚಿ ಊರಿಗೆ ಅಟ್ಟಿದ್ದರು. ಎದ್ದ ವರ್ಷ ಕತ್ತು ಸೆಟೆದುಕೊಳ್ಳುವವರೆಗೂ ಹೊಲಿಸಿದರು, ಉಚ್ಚೆಗೆ ಏಳಲೂ ಬಿಡಲಿಲ್ಲ. ಸೋಮವಾರ ಬಂತೆಂದರೆ, ಜನ್ಮದಲ್ಲಿ ಫುಟ್‌ಬಾಲ್ ನೋಡದವರೂ ಮೊಬೈಲಿದ್ದವಳ ಸುತ್ತ ಸೇರಿ “ಗೆದ್ದಾರೇನ ನಮ್ಮ ಹುಡುಗ್ಯಾರು?” ಎಂದು ಕೇಳುತ್ತಿದ್ದರು. ಗೆದ್ದರೂ ಸಾವು, ಸೋತರೂ ಸಾವು. ಯಾವುದನ್ನು ಬೇಡಿಕೊಳ್ಳಬೇಕೆಂದು ಗೊತ್ತಾಗದೆ ನಾನಂತೂ ಬೇಡಿಕೊಳ್ಳುವುದನ್ನೇ ಬಿಟ್ಟಿದ್ದೆ.

“ಸರ್, ನೇನು ಕೊಡ್ತಾನು, ಚೂಡಂಡಿ” ಎನ್ನುತ್ತ ಫ್ಲೋರ್ ಇನ್‌ಚಾರ್ಜ್ ದುರ್ಗಾಪ್ರಸಾದ್ ಮುಂದೆ ಬಂದ. ತಾನೇ ಒದ್ದು ತೋರಿಸುತ್ತೇನೆ ಎಂದು. ಬೂಟುಗಾಲಿನಲ್ಲಿ, ಹತ್ತಿರದಿಂದಲೇ ಬೀಸಿ ಒದ್ದ. ಬಂಡಲ್ ಎದೆಗೆ ಬಿದ್ದರೆ ಬಗ್ಗುತ್ತದೆ, ಚೆಂಡು ಬಗ್ಗಲಿಲ್ಲ. ಒಣಗಿದ ತೊಗರಿಕಟ್ಟಿಗೆ ಮುರಿದಂಥ ಸದ್ದು ನನಗೂ ಕೇಳಿಸಿತು.

ಅನಸೂಯಾ ಚೀರಲಿಲ್ಲ. ಚೆಂಡನ್ನು ಬಿಡಲೂ ಇಲ್ಲ. ಎಡಗೈಯಲ್ಲಿ ಅದನ್ನು ಅವುಚಿಕೊಂಡು, ಬಲಗೈ ಜೋತುಬಿದ್ದದ್ದನ್ನು ನೋಡುತ್ತ ನಿಂತಳು.

“ಹಿಡದೀನಿ ನೋಡ್ರಿ ಸರ” ಅಂದಳು.

ಆಸ್ಪತ್ರೆಗೆ ಹೋದರೆ ಎಲ್ಲಿ ಮುರಿಯಿತು, ಹೇಗೆ ಮುರಿಯಿತು ಎಂದು ಕೇಳುತ್ತಾರೆ. ಅದಕ್ಕೇ ದುರ್ಗಾಪ್ರಸಾದ್ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗಾಜುವಾಕದಲ್ಲಿ ಮುರಿದ ಮೂಳೆಗೆ ಪುತ್ತೂರು ಕಟ್ಟು ಕಟ್ಟುವವನ ಹತ್ತಿರ ಕರೆದೊಯ್ದ. ಬಿದಿರಿನ ಪಟ್ಟಿ ಇಟ್ಟು, ಸೊಪ್ಪಿನ ಲೇಪ ಮೆತ್ತಿ, ಬಟ್ಟೆ ಸುತ್ತಿ ಕಳಿಸಿದ. ಹಾಸ್ಟೆಲಿನಲ್ಲಿ ನಾನು ಅವಳಿಗೆ ತಲೆ ಬಾಚಿದೆ, ಲಂಗದ ಲಾಡಿ ಕಟ್ಟಿದೆ. ಊರಲ್ಲಿ ಅವಳ ಅವ್ವ, ಆರು ವರ್ಷದ ಮಗಳು. ಗಂಡ ಎಲ್ಲಿದ್ದಾನೋ ಅವನಿಗೇ ಗೊತ್ತು. ಆ ಮನೆಯ ಒಲೆ ಉರಿಯುವುದು ಇವಳು ಬಂಡಲ್ ಹಿಡಿದರೆ ಮಾತ್ರ.

“ಹುಲಿಗೆಮ್ಮಾ, ಕೆಲಸದಾಗಿಂದ ತಗೀತಾರೇನ ನನ್ನ?” ಎಂದು ದಿನವೂ ನನ್ನ ಹೆಸರು ಹಿಡಿದು ಕೇಳುತ್ತಿದ್ದಳು.

ನಾನು ಗುರುದತ್ತನನ್ನು ಕೇಳಿದೆ. ಕ್ಯಾಂಟೀನಿನಲ್ಲಿ, ಎಲ್ಲರೆದುರು.

“ಸರ, ಅನಸೂಯಾಂದು ಏನ್ ಮಾಡ್ತೀರಿ?”

ಅವನು ಬೈಯಲಿಲ್ಲ. ಟೀಮು ಬೇಕಾಗಿತ್ತಲ್ಲ. “ನೋಡಮ್ಮಾ, ನಾನೂ ಕನ್ನಡದವನೇ. ವಿಜಯವಾಡದ ಮ್ಯಾಚು ಚೆನ್ನಾಗಿ ಆಡಿ ನನ್ನ ಮರ್ಯಾದೆ ಉಳಿಸಿ. ಕೈ ಕೂಡೋವರೆಗೂ ಅವಳನ್ನ ಕೂತು ಮಾಡೋ ಕೆಲಸಕ್ಕೆ ಹಾಕ್ತೀನಿ. ಕೆಲಸ ಎಲ್ಲೂ ಹೋಗಲ್ಲ. ಗೋಲಿಗೆ ನೀನು ನಿಂತ್ಕೋ.”

ನಾವು ನಂಬಿದೆವು. ನಂಬದೆ ಮಾಡುವುದಾದರೂ ಏನಿತ್ತು?

ಬೆಳಕು ಹರಿಯುವಾಗ ಬಸ್ಸು ದುವ್ವಾಡ ಬಿಟ್ಟಿತು. ಬಾಗಿಲ ಬಳಿಯ ಎರಡು ಸೀಟಿನಲ್ಲಿ ಗುರುದತ್ತ ಒಬ್ಬನೇ; ಒಂದರಲ್ಲಿ ಅವನು, ಇನ್ನೊಂದರಲ್ಲಿ ಅವನ ನೀರಿನ ಬಾಟಲಿ, ಟಿಫಿನ್ ಕ್ಯಾರಿಯರ್. ದಾರಿಯಲ್ಲಿ ತುನಿ ಎಂಬ ಊರಿನ ಹತ್ತಿರ ಬಸ್ಸಿನಲ್ಲಿದ್ದ ನೀರು ಮುಗಿಯಿತು. ನಮ್ಮ ಟೀಮಿನ ಶ್ರೀಕಾಕುಳಂನ ಹುಡುಗಿಯೊಬ್ಬಳು ಗೊತ್ತಿಲ್ಲದೆ ಅವನ ಬಾಟಲಿ ಎತ್ತಿ ಕುಡಿದಳು. ಅವನು ಬಾಟಲಿಯನ್ನು ಬೆರಳ ತುದಿಯಲ್ಲಿ ಹಿಡಿದು ಕಿಟಕಿಯಿಂದಾಚೆ ಬಿಟ್ಟ. ಅದು ಉರುಳಿ ಹೋಗುವುದನ್ನು ನಾವೆಲ್ಲ ನೋಡಿದೆವು, ಅರ್ಧಕ್ಕಿಂತ ಹೆಚ್ಚು ನೀರಿತ್ತು.

ಮರುದಿನ ವಿಜಯವಾಡದಲ್ಲಿ, ಬಾಡಿಗೆಗೆ ಹಿಡಿದ ಕಾಲೇಜು ಮೈದಾನದ ಪಕ್ಕದ ಕೋಣೆಯಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದಾಗ ಅನಸೂಯಾಳ ಫೋನು ಬಂತು.

“ಗೇಟಿನಾಗ ಮಾರಿ ತೋರಿಸಿದ್ರ ಮಷಿನ್ ಒಳಗ ಬಿಡವಲ್ದವ್ವ. ನನ್ ಹೆಸರ ತಗದಾರಂತ. ಹಾಸ್ಟೆಲಿಗೆ ಬಂದು ನೋಡಿದ್ರ ನನ್ ಟ್ರಂಕ್ ಹೊರಗ ಇಟ್ಟಾರ. ಒಂದ ಕೈಲೆ ಎತ್ತಾಕ ಬರವಲ್ದು.”

ಅವಳ ದನಿಯಲ್ಲಿ ಅಳು ಇರಲಿಲ್ಲ. ಅಂಗಡಿಯಲ್ಲಿ ಉಪ್ಪು ಇಲ್ಲವಂತೆ ಎಂದು ಹೇಳುವವಳ ಹಾಗೆ ಹೇಳಿದಳು. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಹಾಗೆಯೇ ಹೊರಗೆ ಹೋಗಿ ಗುರುದತ್ತನೆದುರು ನಿಂತೆ.

“ಮಾತು ಕೊಟ್ಟಿದ್ರಲ್ಲ ಸರ.”

“ಈಗ್ಯಾಕೆ ಅದು? ಗೆಸ್ಟು ಬರೋ ಹೊತ್ತು.”

“ಟ್ರಂಕ್ ಹೊರಗ ಇಟ್ಟಾರಂತ.”

“ಏ ಬೋಳಿ, ಕೇಳಿಲ್ಲಿ. ಆಟ ಆಡ್ತಾ ಮುರ್ಕೊಂಡಿದ್ದಕ್ಕೆ ಕಂಪನಿ ಹೊಣೇನಾ? ಅದು ಡ್ಯೂಟಿನಾ? ನಾನೇನು ಧರ್ಮಛತ್ರ ಇಟ್ಕೊಂಡಿದೀನಾ? ಬಾಯಿ ಮುಚ್ಕೊಂಡು ಗ್ಲೌಸ್ ಹಾಕ್ಕೋ. ಇಲ್ಲಾಂದ್ರೆ ನಿನ್ನ ಟ್ರಂಕೂ ಅದರ ಪಕ್ಕದಲ್ಲೇ ಇರುತ್ತೆ.”

ಒಳಗೆ ಬಂದು ಹುಡುಗಿಯರಿಗೆ ಹೇಳಿದೆ. ಅವರು ಶೂಗಳಿಗೆ ಲೇಸು ಕಟ್ಟುತ್ತಲೇ ಇದ್ದರು.

“ಗೋಲಿನಾಗ ನಾ ನಿಂದ್ರಂಗಿಲ್ಲ” ಅಂದೆ.

“ಮತ್ತ್ಯಾರು?”

“ಯಾರೂ ಬ್ಯಾಡ.”

“ಎಲ್ಲಾರ್ನೂ ತಗೀತಾರವ್ವ.”

“ಹ್ಞೂಂ. ತಗೀತಾರ.”

ಅಷ್ಟೇ. ಹೊರಗೆ ಕೂಗಿ ಕರೆದರು, ಹೋಗಿ ಸಾಲಾಗಿ ನಿಂತೆವು.

ಕ್ಲಬ್ಬಿನಿಂದ ಮೂವರು ಬಂದಿದ್ದರು. ಅವರಲ್ಲೊಬ್ಬಳು ಮುದುಕಿ, ಕೂದಲೆಲ್ಲ ಹಂಜಿಯ ಹಾಗೆ ಬಿಳಿ. ಜಲ್ಲಿಕಲ್ಲಿನ ಮೇಲೆ ಆಡಿದ ಮೊದಲ ಹೆಂಗಸರಲ್ಲಿ ಅವಳೂ ಒಬ್ಬಳಂತೆ, ಮೀನು ತುಂಬಿದವಳು. ಒಬ್ಬೊಬ್ಬರ ಕೈ ಹಿಡಿದು ಕುಲುಕುತ್ತ ಬಂದಳು. ಅವಳ ಬೆರಳುಗಳೂ ನಮ್ಮವರ ಬೆರಳುಗಳಂತೆಯೇ ಗಂಟುಗಂಟಾಗಿದ್ದವು. ನನ್ನೆದುರು ನಿಂತು, ಗ್ಲೌಸು ಮುಟ್ಟಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು.

“ಎಷ್ಟು ದಿನದಿಂದ ಗೋಲ್‌ಕೀಪರ್ ಅಂತ ಕೇಳ್ತಿದಾರೆ” ಎಂದ ಗುರುದತ್ತ. ಮುಖದಲ್ಲಿ ನಗು, ಕಣ್ಣಿನಲ್ಲಿ ಬೇರೆ.

ನಾನು ಮುದುಕಿಯ ಮುಖ ನೋಡಿಯೇ ಹೇಳಿದೆ. “ನಾನಲ್ಲಬೇ. ಗೋಲಿನಾಕಿ ಬ್ಯಾರೆಯಾಕಿ ಅದಾಳ. ಕೈ ಮುರದೈತಿ. ಇವತ್ತ ಮುಂಜಾಲೆ ಆಕೀನ ಹೊರಗ ಹಾಕ್ಯಾರ.”

ಗುರುದತ್ತ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ‘ವೆರಿ ಹ್ಯಾಪಿ’ ಅಂದ. ‘ಡ್ರೀಮ್’ ಅಂದ. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಮುದುಕಿ ನಕ್ಕು ನನ್ನ ಗಲ್ಲ ತಟ್ಟಿದಳು. ನಾನು ಇನ್ನೊಮ್ಮೆ ಹೇಳಿದೆ, ಜೋರಾಗಿ. ಅವನು ಇನ್ನೊಮ್ಮೆ ‘ವೆರಿ ವೆರಿ ಹ್ಯಾಪಿ’ ಅಂದ. ಬಾವಿಗೆ ಬಿದ್ದವಳು ಎಷ್ಟು ಕೂಗಿದರೂ ಮೇಲಿನವರಿಗೆ ಹಾಡು ಕೇಳಿಸುತ್ತಿದ್ದರೆ ಹೇಗೋ ಹಾಗಾಯಿತು. ಮುದುಕಿ ಮುಂದಿನವಳ ಕೈ ಹಿಡಿದಳು.

ಸೀಟಿ ಊದಿದರು. ನಾನು ಗೋಲಿನಲ್ಲಿದ್ದೆ. ಗ್ಲೌಸು ಬಿಚ್ಚಿ ಗೆರೆಯ ಮೇಲಿಟ್ಟೆ. ನಡೆದು ಗೋಲಿನ ಕಂಬದಾಚೆ ಹೋಗಿ ನಿಂತೆ. ನಮ್ಮ ಹುಡುಗಿಯರು ಒಬ್ಬೊಬ್ಬರಾಗಿ ಆಟ ನಿಲ್ಲಿಸಿದರು. ಎಲ್ಲಿದ್ದವರು ಅಲ್ಲೇ ಕೈ ಕಟ್ಟಿ ನಿಂತರು. ಕೊನೆಯವಳು ಶ್ರೀಕಾಕುಳಂನ ಆ ಹುಡುಗಿ. ಸ್ವಲ್ಪ ದೂರ ಚೆಂಡಿನ ಹಿಂದೆ ಓಡಿದವಳು ತಿರುಗಿ ನೋಡಿ ನಿಂತುಬಿಟ್ಟಳು.

ನೋಡಲು ಸೇರಿದ್ದ ಜನ ನಕ್ಕರು. ದುರ್ಗಾಪ್ರಸಾದ್ ಗೆರೆಯ ಉದ್ದಕ್ಕೂ ಓಡಾಡುತ್ತ ಅರಚುತ್ತಿದ್ದ, “ಏಯ್, ಲೋಪಲಿಕಿ ವೆಳ್ಳವೇ, ಲಂಜಾ!” ಒಳಗೆ ಹೋಗೇ ಎಂದು.

ವಿಜಯವಾಡದ ಟೀಮಿನ ಒಂಬತ್ತನೇ ನಂಬರಿನ ಹುಡುಗಿಗೆ ಚೆಂಡು ಸಿಕ್ಕಿತ್ತು. ಯಾರೂ ಅಡ್ಡ ಬರಲಿಲ್ಲ. ಅವಳು ಓಡಿ ಬಂದಳು, ಗೋಲಿನ ಹತ್ತಿರ ನಿಧಾನವಾದಳು. ಕಪ್ಪು ತೆಳ್ಳನೆ ಹುಡುಗಿ, ತೋರುಬೆರಳಿಗೆ ಪ್ಲಾಸ್ಟರು. ಸೂಜಿ ಹೊಕ್ಕ ಬೆರಳು.

“ಗೋಲೀ ಏದಿ?” ಎಂದು ಏದುಸಿರು ಬಿಡುತ್ತ ಕೇಳಿದಳು. ಗೋಲು ಕಾಯುವವಳು ಎಲ್ಲಿ?

ನನಗೆ ಬಂದ ತೆಲುಗಿನಲ್ಲಿ ಹೇಳಿದೆ. “ಚೇಯಿ ವಿರಿಗಿಂದಿ. ಪನಿಲೋಂಚಿ ತೀಸೇಶಾರು.” ಕೈ ಮುರಿಯಿತು, ಕೆಲಸದಿಂದ ತೆಗೆದರು. ಅದನ್ನು ತಿರುಗಿಸಿ ಹೇಳಲು ನಡುವೆ ಯಾರೂ ಬೇಕಾಗಲಿಲ್ಲ.

ಅವಳ ಇನ್‌ಚಾರ್ಜು ಆಚೆಯಿಂದ “ಕೊಟ್ಟವೇ! ಕೊಟ್ಟು!” ಎಂದು ಕೂಗುತ್ತಿದ್ದ. ಒದೆಯೇ, ಒದಿ. ಗೋಲು ಬಾಯಿ ತೆರೆದುಕೊಂಡಿತ್ತು. ಕಾಲು ತಾಗಿಸಿದ್ದರೆ ಸಾಕಿತ್ತು. ಅವಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಚೆಂಡಿನ ಮೇಲೆ ಕಾಲಿಟ್ಟು ನಿಂತಳು. ಅವಳ ಹಿಂದೆ ಅವಳ ಟೀಮೂ ನಿಂತಿತು.

ಸೀಟಿ ಮತ್ತೆ ಮತ್ತೆ ಊದಿದರು. ಯಾರೂ ಅಲುಗಲಿಲ್ಲ.

ಪೆಂಡಾಲಿನಲ್ಲಿ ಮುದುಕಿ ಎದ್ದು ನಿಂತಿದ್ದಳು. ಗುರುದತ್ತ ಅವಳ ಪಕ್ಕದಲ್ಲಿ ಬಗ್ಗಿ, ಕೈ ಆಡಿಸುತ್ತ, ಇಂಗ್ಲಿಷಿನಲ್ಲಿ ಒಂದೇ ಸಮನೆ ಮಾತಾಡುತ್ತಿದ್ದ. ಅವಳು ಅವನ ಬಾಯಿ ನೋಡುತ್ತಿರಲಿಲ್ಲ. ಖಾಲಿ ಗೋಲು ನೋಡುತ್ತಿದ್ದಳು.