ಸೀದೊರನ ಮಗಳ ಜ್ಞಾನಸ್ನಾನ

ಗಾಡಿ ಹೊಡೆಯುವ ಸೀದೊರನ ಮಗಳು ಹುಟ್ಟಿ ಮೂರೇ ದಿನ, ಆಗಲೇ ಮೇಲುಸಿರು. ಪ್ರಾಣ ಹೋಗುವ ಮೊದಲು ಜ್ಞಾನಸ್ನಾನವಾದರೂ ಆಗಲೆಂದು ಬೆಳಗಾಗುತ್ತಲೇ ಹಿಮ ತುಳಿದುಕೊಂಡು ಚರ್ಚಿಗೆ ಓಡಿ ಬಂದಿದ್ದರು. ಮಗುವಿನ ಪರವಾಗಿ ದೇವರಿಗೆ ಮಾತು ಕೊಡುವ ಜ್ಞಾನತಂದೆಯಾಗಿ ನಿಲ್ಲಲು ಒಡೆಯ ವಲೆರ್ಯಾನ್ ಹಿಂದಿನ ದಿನವೇ ಒಪ್ಪಿದ್ದ. ಜ್ಞಾನತಾಯಿಯಾಗಬೇಕಿದ್ದ ಗಿರಣಿಯವನ ಹೆಂಡತಿ ಮಾತ್ರ ನಾಪತ್ತೆ.

“ಅಯ್ಯೋ, ಅವಳನ್ನ ನಾನೇ ಪೇಟೆಗೆ ಕಳಿಸಿದೀನಿ. ಮರೆತೇಹೋಗಿತ್ತು ನೋಡು,” ಎಂದಳು ಒಡೆಯನ ಸೋದರತ್ತೆ ಅಗ್ರಫೇನಾ. ಅವಳಿಗೆ ಮರೆವಂತೆ! ಹತ್ತು ವರ್ಷದ ಹಿಂದೆ ಒಡೆದ ಬಟ್ಟಲು ಯಾರ ಕೈಯಿಂದ ಬಿತ್ತೆಂದು ಇವತ್ತಿಗೂ ಹೇಳುವ ಹೆಂಗಸು. “ಅದಕ್ಕೇನಂತೆ, ನಮ್ಮ ಗ್ಲಾಫಿರಾ ಇದ್ದಾಳಲ್ಲ. ಬಾರೇ, ಮಗು ಎತ್ಕೋ. ಗಂಡ ಹೆಂಡ್ತಿ ಇಬ್ರೂ ನಿಂತ್ಕೊಳ್ಳಿ.”

ವಲೆರ್ಯಾನನ ಹೆಂಡತಿ ಗ್ಲಾಫಿರಾ ಒಂದು ಹೆಜ್ಜೆ ಹಿಂದೆ ಸರಿದಳು.

ಒಂದೇ ಮಗುವಿಗೆ ಜ್ಞಾನತಂದೆ ತಾಯಿಯಾಗಿ ನಿಂತವರು ಆ ಗಳಿಗೆಯಿಂದ ದೇವರ ಲೆಕ್ಕದಲ್ಲಿ ಅಣ್ಣ ತಂಗಿ. ಗಂಡ ಹೆಂಡತಿ ಹಾಗೆ ನಿಂತರೆ ಮದುವೆ ಅಲ್ಲಿಗೇ ಮುಗಿಯಿತು. ಇದು ಅಲ್ಲಿನ ದನ ಕಾಯುವವರಿಗೂ ಗೊತ್ತು. ಪಾದ್ರಿಗೆ ಗೊತ್ತಿಲ್ಲವೇ? ಗೊತ್ತು. ಆದರೆ ಅವನ ಒಲೆ ಉರಿಯುವುದು ಅಗ್ರಫೇನಾ ಕಳಿಸುವ ಸೌದೆಯಿಂದ. ಅವನು ಪುಸ್ತಕದೊಳಗೆ ತಲೆ ಹುದುಗಿಸಿ ನಿಂತಿದ್ದ.

ವರ್ಷದ ಹಿಂದೆ ಗ್ಲಾಫಿರಾ ಇದೇ ಜಮೀನಿನ ಜೀತದಾಳು, ನೇಯ್ಗೆಯವಳು. ವಲೆರ್ಯಾನನ ದೊಡ್ಡಪ್ಪ ಸಾಯುವಾಗ ಉಯಿಲು ಬರೆಸಿದ್ದ: ಹುಡುಗನಿಗೆ ಹೆಂಡತಿ ಇದ್ದರೆ ಆಸ್ತಿ ಅವನದು, ಇಲ್ಲವಾದರೆ ಅಗ್ರಫೇನಾಳದು. ಯುದ್ಧದಲ್ಲಿ ಮುಖ ಸುಟ್ಟುಕೊಂಡು ಕುಂಟುತ್ತಾ ಬಂದವನಿಗೆ ದೊಡ್ಡ ಮನೆಯವರು ಯಾರು ಹೆಣ್ಣು ಕೊಡುತ್ತಾರೆ? ಅವನು ಮಗ್ಗದ ಮನೆಗೆ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. “ನಿನಗೆ ಜೀತ ತಪ್ಪುತ್ತೆ, ನನಗೆ ಮನೆ ಉಳಿಯುತ್ತೆ. ಬೇರೇನೂ ಕೇಳೋದಿಲ್ಲ,” ಎಂದಿದ್ದ.

ಕೇಳಲೂ ಇಲ್ಲ, ಪುಣ್ಯಾತ್ಮ. ಅವನ ಕೋಣೆ ಅವನಿಗೆ, ಇವಳ ಕೋಣೆ ಇವಳಿಗೆ. ಸಂಜೆ ಚಹಾ ಕುಡಿಯುತ್ತಾ ಅಕ್ಷರ ಕಲಿಸುತ್ತಿದ್ದ, ಅಷ್ಟೇ. ಅವನ ಊರುಗೋಲಿನ ಸದ್ದು ಕೇಳದ ದಿನ ಇವಳಿಗೆ ಊಟ ಸೇರದಂತಾಯಿತು. ಪ್ರೀತಿಯೆಂದರೆ ಪ್ರೀತಿಯೇ, ಅದಕ್ಕೆ ಬೇರೆ ಹೆಸರೇನು? ಅವನಿಗೂ ಹಾಗೇ ಇದೆಯೇ ಎಂದು ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಮದುವೆ ಮುರಿದರೆ ಹಸು, ಮಗ್ಗಗಳ ಜೊತೆ ಗ್ಲಾಫಿರಾಳೂ ಅಗ್ರಫೇನಾಳ ಪಾಲು. ತಿರುಗಿ ಮಾತಾಡಿದ ಅಡುಗೆಯವಳ ತಲೆ ಬೋಳಿಸಿ, ದೂರದ ಗಣಿಯವರಿಗೆ ಮಾರಿದವಳು ಅಗ್ರಫೇನಾ. ಅದನ್ನು ಗ್ಲಾಫಿರಾ ಕಣ್ಣಾರೆ ಕಂಡಿದ್ದಳು.

“ನೀವೇ ಎತ್ಕೊಳ್ಳಿ ಅತ್ತೆ,” ಎಂದಳು.

“ನನಗೆ ಕೈ ನೋವು ಕಣೇ. ಯಾಕೆ, ಒಡತಿ ಆದ್ಮೇಲೆ ಗಾಡಿಯವನ ಕೂಸು ಮುಟ್ಟೋಕೆ ಹೇಸಿಗೆನಾ?”

ಅಲ್ಲಿ ಬೇರೆ ಹೆಂಗಸರಿರಲಿಲ್ಲ. ಸೀದೊರ ಕೂಸಿನ ಸಮೇತ ಇವಳ ಕಾಲಿಗೇ ಬಿದ್ದ. “ತಾಯಿ, ನಿಮ್ಮ ದಮ್ಮಯ್ಯ. ಮಗು ಹೋಗ್ಬಿಡುತ್ತೆ.”

ಗ್ಲಾಫಿರಾ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಹಾಗಾದರೆ ಇವನಿಗೂ ಗೊತ್ತು! ಇವನಿಗೂ ಇದೇ ಬೇಕು!

ಆದರೆ ಕೂಸು ಯಾರಿಗೇನು ಮಾಡಿತ್ತು? ಅವಳು ಅದನ್ನು ಎತ್ತಿಕೊಂಡಳು.

“ಪಾದ್ರಿಗಳೇ, ಹೆಣ್ಣುಮಗುವಿಗೆ ಜ್ಞಾನತಾಯಿ ಒಬ್ಬಳೇ ಸಾಲದಾ?”

ಪಾದ್ರಿ ಅಗ್ರಫೇನಾಳನ್ನು ನೋಡಿ ತಡವರಿಸಿದ. “ಸಾಲುತ್ತೆ... ಆದ್ರೆ ಒಡೆಯರು ಮಾತು ಕೊಟ್ಟಿದಾರಲ್ಲ.”

ಗ್ಲಾಫಿರಾ ಗಂಡನತ್ತ ತಿರುಗಿದಳು. “ಹಿಂದೆ ಸರೀರಿ. ಸರಿಯೋದಿಲ್ಲ ಅಂದ್ರೆ ನನ್ನ ಮುಖ ನೋಡಿ ಹೇಳಿ.”

ಅವನು ತಲೆಯೆತ್ತಿದ. “ನಿಜವಾಗ್ಲೂ ಸರೀಬೇಕಾ?”

“ಸರೀರಿ ಅಂದ್ನಲ್ಲ!”

“ವಲೆರ್ಯಾನ್, ನಿಲ್ಲು!” ಅಗ್ರಫೇನಾ ಕೂಗಿದಳು. ಗ್ಲಾಫಿರಾ ಪಾದ್ರಿಯ ಕಡೆ ತಿರುಗಿ ನಿಂತಳು. ಊರುಗೋಲು ನೆಲಕ್ಕೆ ಬಡಿಯುತ್ತಾ ಬಾಗಿಲ ಕಡೆ ಹೋದ ಸದ್ದು ಕೇಳಿಸಿತು. ಆಮೇಲೆ ಅದೂ ಇಲ್ಲ. ಹೊರಟೇಹೋದನೋ ಏನೋ, ಬೆನ್ನ ಹಿಂದಿನದು ಕಾಣುವುದು ಹೇಗೆ?

ಪಾದ್ರಿ ಅವಸರವಾಗಿ ಓದಿದ. ಮಗುವಿನ ಪರವಾಗಿ ಜ್ಞಾನತಾಯಿ ಪಶ್ಚಿಮಕ್ಕೆ ತಿರುಗಿ ಸೈತಾನನನ್ನು ತೊರೆದೆನೆಂದು ಹೇಳಿ ಉಗುಳಬೇಕು. ಗ್ಲಾಫಿರಾ ತಿರುಗಿದಳು. ಸರಿಯಾಗಿ ಎದುರಿಗೇ ಅಗ್ರಫೇನಾ. ಶಾಸ್ತ್ರವಲ್ಲವೇ, ಚೆನ್ನಾಗಿಯೇ ಉಗುಳಿದಳು. ಅಗ್ರಫೇನಾಳ ಹಿಂದೆ, ಬಾಗಿಲಿಗೆ ಒರಗಿ ವಲೆರ್ಯಾನ್ ಅಳುತ್ತಾ ನಿಂತಿದ್ದ.

ನೀರಿಗಿಳಿಸಿದಾಗ ಮಗು ಕಿಟಾರನೆ ಕಿರುಚಿತು. ಸೀದೊರ ಅದನ್ನು ತುಪ್ಪಳದಲ್ಲಿ ಸುತ್ತಿಕೊಂಡು ಮನೆಗೆ ಓಡಿದ.

ಹೊರಗೆ ಮೆಟ್ಟಿಲ ಮೇಲೆ ವಲೆರ್ಯಾನ್ ಮೆಲ್ಲಗೆ ಬಾಯಿಬಿಟ್ಟ. “ಈ ಮದುವೆಯಿಂದ ಬಿಡಿಸಿ ಅಂತ ನೀನೇ ಅತ್ತೇನ ಕೇಳ್ಕೊಂಡ್ಯಂತೆ. ನಾನು ಜ್ಞಾನತಂದೆಯಾಗಿ ನಿಂತ್ರೆ ನಿನಗೆ ಜೀತದಿಂದ ಬಿಡುಗಡೆ ಪತ್ರ ಬರೆದುಕೊಡ್ತೀನಿ ಅಂದ್ರು.”

“ಮನೆ? ಜಮೀನು?”

“ನೀನೇ ಇರಲ್ಲ ಅಂದ್ಮೇಲೆ ಮನೆ ಯಾಕೆ ಅನ್ನಿಸ್ತು.”

“ಪತ್ರ ಕಣ್ಣಲ್ಲಿ ನೋಡಿದ್ರಾ?”

“ಆಮೇಲೆ ಬರೀತೀನಿ ಅಂದ್ರು.”

“ಆಮೇಲೆ!” ಗ್ಲಾಫಿರಾಳಿಗೆ ಆಗ ಹಿಡಿಯಿತು ನಡುಕ. ಹಿಮದಲ್ಲೇ ಕುಸಿದು ಕುಳಿತಳು. ಅವನೂ ಕುಂಟುಗಾಲು ಮಡಿಸಲಾಗದೆ ಪಕ್ಕದಲ್ಲಿ ಧೊಪ್ಪನೆ ಕುಳಿತ. ಅವಳು ಅವನ ಕೋಟಿನ ಕೊರಳಪಟ್ಟಿಗೇ ಕೈ ಹಾಕಿದಳು.

“ಅಯ್ಯೋ ನನ್ನ ಕರ್ಮವೇ! ನಾನೆಲ್ಲಿ ಬಿಡಿಸಿ ಅಂದೆ? ಅವಳ ಕೈಗೆ ಕೊಟ್ಟುಬಿಡ್ತಿದ್ರಲ್ರೀ ನನ್ನ! ಇನ್ನೊಂದ್ಸಲ ನನ್ನ ಕೇಳದೆ ನನಗೆ ಒಳ್ಳೇದು ಮಾಡೋಕೆ ಹೋದ್ರೆ...”

ಹಲ್ಲು ಕಟಕಟನೆ ಬಡಿಯುತ್ತಿದ್ದುದರಿಂದ ಮಾತು ಮುಗಿಸಲಾಗಲಿಲ್ಲ. ಕೋಟನ್ನು ಮಾತ್ರ ಬಿಡಲಿಲ್ಲ.